ನಿಸ್ತಾರಿಣಿ ಹರಿದಿಟ್ಟ ಅಧ್ಯಾಯ

ಗಂಗೆಯ ದಡದ ಷಷ್ಠೀತಲಾ ಘಾಟಿನ ನಿಸ್ತಾರಿಣಿ ಸಮಾದ್ದಾರಳಿಗೆ ಜನ್ಮಕ್ಕೆಲ್ಲ ಇದ್ದದ್ದು ಒಬ್ಬಳೇ ಸವತಿ, ಅದೂ ಕಾಗದದ ಸವತಿ. ಗಂಡ ಪಂಚಾನನ ಬಾಬು ಸೆಣಬಿನ ಗಿರಣಿಯಲ್ಲಿ ಗುಮಾಸ್ತ. ಸಂಬಳದ ದಿನ ಬೇರೆ ಮನೆಗಳಿಗೆ ಇಲಿಶ್ ಮೀನು ಬಂದರೆ ಈ ಮನೆಗೆ ಹಳೆಯ ಪುಸ್ತಕದ ಕಟ್ಟು ಬರುತ್ತಿತ್ತು. ಮೊದಲು ಗೋಡೆ ತುಂಬಿತು, ಆಮೇಲೆ ಮಂಚದಡಿ, ಕೊನೆಗೆ ಅಡಿಗೆಮನೆಯ ನಾಗಂದಿಗೆ. ಒಂದು ಮಳೆಗಾಲದಲ್ಲಿ ಪಡುವಣ ಗೋಡೆ ಕುಸಿದಾಗ ಸೂರನ್ನು ಹೊತ್ತು ನಿಂತದ್ದು ಪುಸ್ತಕಗಳೇ ಎಂದು ನಮ್ಮ ಕಡೆ ಈಗಲೂ ಹೇಳುತ್ತಾರೆ. ಗೆದ್ದಲು ಕೂಡ ಆ ಮನೆಯಲ್ಲಿ ಎರಡು ತಲೆಮಾರು ತಿಂದು, ಅಜೀರ್ಣವಾಗಿ, ಪಕ್ಕದ ಮನೆಯ ಬಾಗಿಲಿಗೆ ವಲಸೆ ಹೋದವಂತೆ.

ಓದಿ ಮುಗಿಸಿದ್ದನ್ನು ಪಂಚಾನನ ಬಾಬು ಇಟ್ಟುಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ಗಂಗೆಯ ದಡಕ್ಕೆ ಹೋಗಿ, ಲಾಂಚು ಕಾಯುವವರು ಕೂರುವ ಸಿಮೆಂಟ್ ಬೆಂಚಿನ ಮೇಲೆ ಬಿಟ್ಟು ಬರುವರು. ಯಾರೋ ಒಯ್ಯುವರು, ಓದುವರು, ಮನಸ್ಸಾದರೆ ಇನ್ನೆಲ್ಲೋ ಬಿಡುವರು. ಕೆಲವು ಪುಸ್ತಕಗಳು ಮಂಡಕ್ಕಿ ಪೊಟ್ಟಣವಾಗಿಯೂ ಮರಳಿ ಬರುತ್ತಿದ್ದವು. ಆಗ ಬಾಬು ಮಂಡಕ್ಕಿಯನ್ನು ಕಾಗೆಗೆ ಚೆಲ್ಲಿ ಪೊಟ್ಟಣ ಓದುತ್ತ ನಿಲ್ಲುವರು.

“ಬಿಟ್ಟು ಬರೋದೇ ಆದ್ರೆ ದುಡ್ಡು ಕೊಟ್ಟು ತರೋದ್ಯಾಕೆ?” ಎಂದು ನಿಸ್ತಾರಿಣಿ ರೇಗುತ್ತಿದ್ದಳು.

“ಹೆಣ್ಣುಮಕ್ಕಳನ್ನ ಯಾಕೆ ಸಾಕ್ತಾರೆ ಹೇಳು? ಇನ್ನೊಬ್ಬರ ಮನೆ ಬೆಳಗಲಿ ಅಂತ ತಾನೇ?”

“ಹಾಗಿದ್ರೆ ಇವಕ್ಕೂ ಒಂದೊಂದು ಸೀರೆ ಉಡಿಸಿ ಕಳಿಸಿ. ನನ್ನವೂ ಹರಿದಿವೆ.”

ಕಾರ್ತಿಕದ ಒಂದು ಸಂಜೆ ಪಂಚಾನನ ಬಾಬು ಆರಾಮಕುರ್ಚಿಯಲ್ಲೇ ಹೋಗಿಬಿಟ್ಟರು. ಎದೆಯ ಮೇಲೆ ಒಂದು ದಪ್ಪ ಪತ್ತೇದಾರಿ ಕಾದಂಬರಿ ಕವುಚಿಕೊಂಡಿತ್ತು. ನಡುವಿನ ಒಂದು ಪುಟದ ಮೂಲೆಯನ್ನು ಬೀಡಾ ಮಡಿಚುವ ಹಾಗೆ ಎರಡು ಮಡಿಕೆ ಮಡಿಚಿದ್ದರು. ಇಡೀ ಹೂಗ್ಲಿ ಜಿಲ್ಲೆಯಲ್ಲಿ ಪುಟವನ್ನು ಹಾಗೆ ಮಡಿಚುವವರು ಅವರೊಬ್ಬರೇ.

ಶ್ರಾದ್ಧವನ್ನು ನಿಸ್ತಾರಿಣಿ ಕೈ ಬಿಗಿಹಿಡಿಯದೆ ಮಾಡಿಸಿದಳು. ಸತ್ತವರಿಗೆ ಮುಂದಿನ ದಾರಿಯಲ್ಲಿ ಬೇಕಾದದ್ದನ್ನೆಲ್ಲ ಪುರೋಹಿತರ ಕೈಗೆ ಕೊಡುವ ಷೋಡಶದಾನದಲ್ಲಿ ಹಾಸಿಗೆ, ಛತ್ರಿ, ಚಪ್ಪಲಿ, ತಟ್ಟೆ, ದೀಪ, ಯಾವುದೂ ತಪ್ಪಲಿಲ್ಲ. ಸಾಲದ್ದಕ್ಕೆ ನಶ್ಯದ ಡಬ್ಬಿಯನ್ನೂ ಸೇರಿಸಿದಳು. ಪುರೋಹಿತ ಭವತಾರಣ ಠಾಕುರರು ಎಲ್ಲವನ್ನೂ ರಿಕ್ಷಾಕ್ಕೆ ಹೇರಿಕೊಂಡು ಹೋದರು. ಪುಸ್ತಕದ ನೆನಪು ಯಾರಿಗೂ ಆಗಲಿಲ್ಲ.

ಆಮೇಲೆ ಅವಳು ಸೆರಗು ಬಿಗಿದು ಮನೆ ಖಾಲಿ ಮಾಡಲು ನಿಂತಳು. ದಿನಕ್ಕೊಂದು ಬುಟ್ಟಿ ಹೊತ್ತು ಗಂಡ ಬಿಡುತ್ತಿದ್ದ ಬೆಂಚಿಗೇ ಸುರಿದು ಬಂದಳು. ಜನ ಮದುವೆಮನೆಯ ಸಂದೇಶ್ ಮಿಠಾಯಿಗೆ ಮುಗಿಬೀಳುವಂತೆ ಬಿದ್ದರು. ಆಚೆ ದಡದಿಂದ ಬರೀ ಪುಸ್ತಕಕ್ಕಾಗಿಯೇ ಒಂದು ಲಾಂಚು ಹೆಚ್ಚಿಗೆ ಓಡಿತು ಎಂದರೆ ಅದು ಸುಳ್ಳು, ಎರಡು ಓಡಿದವು. ಪುಷ್ಯ ಮಾಸ ಕಳೆಯುವಷ್ಟರಲ್ಲಿ ಮನೆ ಬೋಳಾಯಿತು. ಆದರೆ ಆ ಒಂದು ಪತ್ತೇದಾರಿ ಕಾದಂಬರಿ ಮಾತ್ರ ಬೆಂಚು ಬಿಟ್ಟು ಏಳಲಿಲ್ಲ.

“ಕಾಕಿಮಾ, ಅದನ್ನ ಯಾರೂ ಒಯ್ಯಲ್ಲ,” ಎಂದ ಘಾಟಿನ ಚಹಾದಂಗಡಿಯ ಗದಾಯ್.

“ಯಾಕೋ? ಅದಕ್ಕೇನು ಸಿಡುಬು ಬಂದಿದೆಯಾ?”

“ಅದಲ್ಲ. ಕೈಗೆ ತಗೊಂಡ್ರೆ ಪಕ್ಕದಲ್ಲೇ ಯಾರೋ ಗಂಟಲು ಸರಿಮಾಡ್ಕೊಂಡ ಹಾಗೆ ಕೇಳುತ್ತೆ. ‘ಸ್ವಾಮಿ, ಅದು ನಂದು’ ಅನ್ನೋಕೆ ಮುಂಚೆ ಮಾಡ್ಕೋತಾರಲ್ಲ, ಹಂಗೆ.”

ನಿಸ್ತಾರಿಣಿ ಪುಸ್ತಕ ಎತ್ತಿ ನೋಡಿದಳು. ರಾತ್ರಿಯೆಲ್ಲ ಸುರಿದ ಮಂಜಿಗೆ ಬೆಂಚು ನೀರಿಳಿಸುತ್ತಿತ್ತು, ಪುಸ್ತಕ ಬೆಚ್ಚಗಿತ್ತು. ಬೀಡಾ ಮಡಿಕೆ ಮೊದಲಿದ್ದ ಕಡೆ ಇರಲಿಲ್ಲ, ಬೆರಳು ದಪ್ಪದಷ್ಟು ಮುಂದೆ ಹೋಗಿತ್ತು.

“ನಿನ್ನದೇ ಕೆಲಸ ಇದು, ಕತ್ತೆ.”

“ನಾನಾ? ನಾನು ಓದಿದ್ದು ಚಹಾಪುಡಿ ಪೊಟ್ಟಣ ಒಂದೇ ಕಾಕಿಮಾ. ಅದರಲ್ಲೂ ಕೊನೇ ಸಾಲು ಬಿಟ್ಟಿದ್ದೀನಿ.”

ಪರೀಕ್ಷಿಸದೆ ನಂಬುವ ಹೆಂಗಸಲ್ಲ ಅವಳು. ಮಾಘದ ಸರಸ್ವತಿ ಪೂಜೆಯ ತನಕ ಕಾದಳು. ಆ ದಿನ ಪುಸ್ತಕಗಳೆಲ್ಲ ದೇವಿಯ ಪಾದದಲ್ಲಿ. ಬಂಗಾಳದಲ್ಲಿ ಹುಟ್ಟಿದ ಯಾವ ಪ್ರಾಣಿಯೂ ಅಕ್ಷರ ಓದುವುದಿಲ್ಲ, ಓದಿದರೆ ವಿದ್ಯೆ ಹಾರಿಹೋಗುತ್ತದೆ. ಲಾಂಚಿನ ಹಲಗೆ ಓದಲೂ ಹೆದರಿ, ಆಚೆ ದಡಕ್ಕೆ ಹೊರಟವರು ಕಾಶಿ ತಲುಪಿದ್ದುಂಟು. ಅಂಥ ದಿನ ಕಾದಂಬರಿಯನ್ನು ಬೆಂಚಿನ ಮೇಲಿಟ್ಟು, ಗದಾಯನ ಅಂಗಡಿಯಲ್ಲಿ ಎದುರಿಗೇ ಕುಳಿತಳು. ಹಳದಿ ಸೀರೆಯ ಹುಡುಗಿಯರು ಬೆಂಚನ್ನು ಬಳಸಿಕೊಂಡು ಹೋದರು. ಒಂದು ನಾಯಿ ಬಂದು, ಖಾಲಿ ಜಾಗವನ್ನು ಮೂಸಿ, ಬಾಲ ಮುದುರಿ ಹಿಂದೆ ಸರಿಯಿತು. ನಿಸ್ತಾರಿಣಿ ಕಣ್ಣು ಕೀಳಲಿಲ್ಲ. ಬೋರೆಹಣ್ಣಿನ ಬೀಜ ಉಗಿಯಲು ಒಂದೇ ಒಂದು ಸಲ ಆಚೆ ತಿರುಗಿದಳು.

ಸಂಜೆ ತೆರೆದು ನೋಡಿದರೆ ಮಡಿಕೆ ಒಂದು ಅಧ್ಯಾಯ ದಾಟಿತ್ತು. ವಿದ್ಯೆ ಹಾರಿಹೋಗುವ ಭಯ ಇಲ್ಲದ ಓದುಗ ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ನೇರವಾಗಿ ಭವತಾರಣ ಠಾಕುರರ ಮನೆಗೆ ನಡೆದಳು. ಅವರು ಪಂಚಾನನ ಬಾಬುಗಳ ಹಾಸಿಗೆಯ ಮೇಲೆಯೇ ಕಾಲು ಚಾಚಿ ಕೂತಿದ್ದರು.

“ಎಲ್ಲಾ ಕೊಟ್ಟೆ ಠಾಕುರರೇ, ಪುಸ್ತಕ ಒಂದು ಮರೆತೆ. ನೀವಾದ್ರೂ ಬಾಯಿಬಿಟ್ಟು ಕೇಳಬಾರದಿತ್ತಾ?”

“ನನಗೆ ಛತ್ರಿ ಬೇಕಿತ್ತು ಬೌದಿ, ಅಷ್ಟರಲ್ಲೇ ಗಮನ ಇತ್ತು,” ಎಂದು ಠಾಕುರರು ತಲೆ ಕೆರೆದುಕೊಂಡರು. “ಹೆದರಬೇಡಿ. ಕೆಟ್ಟ ಆತ್ಮ ಅಲ್ಲ, ಅರ್ಧ ಓದಿದ ಆತ್ಮ. ಮುಗಿಸಲಿ. ಮುಗಿದ ಮೇಲೆ ಇಲ್ಲಿ ಅವನಿಗೇನು ಕೆಲಸ? ಹೊರಟುಹೋಗ್ತಾನೆ.”

“ಮತ್ತೆ ಬರಲ್ವಾ?”

“ಯಾಕೆ ಬರ್ತಾನೆ?”

ಹೋಗಲಿ, ಸದ್ಗತಿ ಸಿಗಲಿ ಎಂದು ನಿಸ್ತಾರಿಣಿ ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು. ಮರುದಿನದಿಂದ ಮಧ್ಯಾಹ್ನ ಬೆಂಚಿನ ಇನ್ನೊಂದು ತುದಿಯಲ್ಲಿ ಕೂರತೊಡಗಿದಳು. ಸುಮ್ಮನೆ ಕೂರುವುದೇನು ಬಂತು? ಸೂರು ಸೋರುವುದು, ಬೆಕ್ಕು ಮರಿ ಹಾಕಿದ್ದು, ಮುನಿಸಿಪಾಲಿಟಿಯವನು ಆಡಿದ ಮಾತು, ಎಲ್ಲ ಹೇಳುವಳು. ನಲವತ್ತು ವರ್ಷದಲ್ಲಿ ಗಂಡ ಇಷ್ಟು ತಾಳ್ಮೆಯಿಂದ ಕೇಳಿಸಿಕೊಂಡದ್ದು ಇದೇ ಮೊದಲು. ನಡುನಡುವೆ ಅವಳ ಕೈ ತಾನಾಗಿ ಪುಸ್ತಕದ ಓದದೆ ಉಳಿದ ಬಲಮಗ್ಗುಲನ್ನು ಮುಟ್ಟುತ್ತಿತ್ತು. ದಿನದಿನಕ್ಕೆ ಅದು ತೆಳ್ಳಗಾಗುತ್ತಿತ್ತು. ಜ್ವರದವರ ಮಣಿಕಟ್ಟಿನ ಹಾಗೆ.

ಇನ್ನೊಂದೇ ಅಧ್ಯಾಯ ಉಳಿದಿದೆ ಎನ್ನುವಾಗ ಅವಳು ಅತ್ತಿತ್ತ ನೋಡಿದಳು. ಆ ಅಧ್ಯಾಯವನ್ನು ಪುಸ್ತಕದ ಬೆನ್ನಿನಿಂದ ಕಿತ್ತು, ಸೆರಗಿನಲ್ಲಿ ಮುಚ್ಚಿ ತಂದು, ಮನೆಯ ಲಕ್ಷ್ಮಿಯ ಪೀಠದಡಿ ತುರುಕಿದಳು. “ಇರಿ ಇನ್ನೊಂದಷ್ಟು ದಿನ,” ಎಂದಳು ಗೋಡೆಗೆ. “ಎಲ್ಲಿಗೆ ಅವಸರ?”

ಮಡಿಕೆ ಹರಿದ ಅಂಚಿಗೆ ಬಂದು ನಿಂತಿತು. ಘಾಟಿನ ಹವೆ ಕೆಟ್ಟಿತು. ಗದಾಯನ ಚಹಾ ಒಲೆಯ ಮೇಲೆ ಕುದಿಯುತ್ತಿರುವಾಗಲೇ ತಣ್ಣಗಾಗುತ್ತಿತ್ತು. ಲಾಂಚು ಕಾಯುವವರು ಮುರುಕು ಮಂಡಿಯ ಮುದುಕರಾದರೂ ನಿಂತೇ ಕಾದರು. ಆಮೇಲೆ ಊರೊಳಗೆ ಶುರುವಾಯಿತು. ಬೆಂಚಿನಿಂದ ಯಾರ್ಯಾರು ಪುಸ್ತಕ ಒಯ್ದಿದ್ದರೋ ಅವರವರ ಮನೆಯಲ್ಲಿ, ಮುಚ್ಚಿಟ್ಟ ಪುಸ್ತಕ ಬೆಳಗಾಗುವಷ್ಟರಲ್ಲಿ ತೆರೆದುಕೊಂಡಿರುತ್ತಿತ್ತು. ತೆರೆದಿರುತ್ತಿದ್ದುದು ಕೊನೆಯ ಅಧ್ಯಾಯದಲ್ಲೇ. ಪ್ರತಿ ಪುಟದ ಮೂಲೆಯಲ್ಲೂ ಬೀಡಾ ಮಡಿಕೆ. ಕಾವ್ಯ, ಹೋಮಿಯೋಪತಿ, ಪಂಚಾಂಗ, ಯಾವುದನ್ನೂ ಬಿಟ್ಟಿರಲಿಲ್ಲ. ಗದಾಯನ ತಂಗಿಯ ಬೀಜಗಣಿತದ ಪುಸ್ತಕದ ಉತ್ತರಗಳ ಪುಟವನ್ನು ಯಾರೋ ಒದ್ದೆ ಬೆರಳಲ್ಲಿ ಸಾಲುಸಾಲಾಗಿ ತಡಕಿದ ಗುರುತಿತ್ತು.

“ಕಾಕಿಮಾ,” ಗದಾಯ್ ಬಾಗಿಲಿಗೆ ಬಂದು ನಿಂತ. ಈ ಸಲ ಹಲ್ಲು ಕಿರಿಯಲಿಲ್ಲ. “ಕಾಕಾಬಾಬು ಏನೋ ಕಳ್ಕೊಂಡಿದ್ದಾರೆ. ಮನೆಮನೆ ಹುಡುಕ್ತಿದ್ದಾರೆ. ನನ್ನ ತಂಗಿ ರಾತ್ರಿ ಅವರ ಉಸಿರು ಕೇಳಿದ್ಳಂತೆ. ಅಳ್ತಾ ಇದ್ದ ಹಾಗಿತ್ತಂತೆ.”

“ಅವರು ಯಾವತ್ತೂ ಅಳೋರಲ್ಲ.”

“ಅದಕ್ಕೇ ಹೇಳೋಕೆ ಬಂದೆ.”

ಅವನು ಹೋದ ಮೇಲೆ ನಿಸ್ತಾರಿಣಿ ಬಹಳ ಹೊತ್ತು ಲಕ್ಷ್ಮಿಯ ಎದುರು ಕುಳಿತಿದ್ದಳು. ನೆರೆಮನೆಯವರ ಎದುರು ಒಂದು ಹಿಡಿ ಉಪ್ಪಿಗೂ ಕೈಯೊಡ್ಡದ ಮನುಷ್ಯ, ಈಗ ಊರವರ ಕಪಾಟಿನಲ್ಲಿ ತಡಕಾಡುತ್ತಿದ್ದಾನೆ. ಹಾಗೆ ಮಾಡಿದವಳು ತಾನು.

ಚೈತ್ರದ ಮಧ್ಯಾಹ್ನ. ಅರಳಿಯ ಎಲೆಯೂ ಅಲುಗುತ್ತಿರಲಿಲ್ಲ. ಗಂಗೆ ಕಾಸಿದ ಎಣ್ಣೆಯ ಹಾಗೆ ನಿಂತಿತ್ತು. ಅವಳು ಹರಿದ ಹಾಳೆಗಳನ್ನು ಪುಸ್ತಕದ ಮೇಲೆ ಜೋಡಿಸಿ ಬೆಂಚಿನ ಮೇಲೆ ಕುಳಿತಳು. ಬಿಡಿ ಹಾಳೆಗಳನ್ನು ಹಾಗೆಯೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ನಾಲ್ಕನೇ ಇಯತ್ತೆಗೆ ಬಿಟ್ಟ ಓದನ್ನು ಕೆದಕಿ ತೆಗೆದು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದತೊಡಗಿದಳು.

ಪುಟದ ಅರ್ಧಕ್ಕೂ ಬಂದಿರಲಿಲ್ಲ. ಗಾಳಿಯಿಲ್ಲದ ಆ ಹೊತ್ತಿನಲ್ಲಿ ಹಾಳೆ ಎದ್ದು ತಿರುಗಿತು.

“ತಡೀರಿ!” ಎಂದು ಅವಳು ಹಿಂದಕ್ಕೆ ತಿರುಗಿಸಿದಳು. “ನಿಮ್ಮಷ್ಟು ಬೇಗ ನನಗೆ ಬರಲ್ಲ.”

ಹಾಳೆ ಕಾದಿತು. ಅವಳು ಕೊನೆಯ ಸಾಲು ಮುಟ್ಟಿ ಬೆರಳೆತ್ತಿದ ಮೇಲೆಯೇ ಮಗುಚಿತು. ಹಾಗೆ ಇಬ್ಬರೂ ಓದಿದರು. ನೀಲಿ ಬಂಗಲೆಯ ಜಮೀನ್ದಾರನ ಹಾಲಿಗೆ ವಿಷ ಹಾಕಿದವನನ್ನು ಪತ್ತೇದಾರ ಕೋಣೆಕೋಣೆಯಲ್ಲಿ ಹುಡುಕಿದ. ಲಾಂಚು ಬಂತು, ಹೋಯಿತು. ಹತ್ತಿದವರು, ಇಳಿದವರು ಯಾರೂ ಬೆಂಚಿನ ಕಡೆ ಮುಖ ಮಾಡಲಿಲ್ಲ. ಅವಳ ಎಡ ತೋಳು, ಬೆಂಚಿನ ಖಾಲಿ ಬದಿಯ ತೋಳು, ಕೊಳದಲ್ಲಿ ಅದ್ದಿದಷ್ಟು ತಣ್ಣಗಾಗಿತ್ತು. ಅವಳು ಸರಿದು ಕೂರಲಿಲ್ಲ.

ಕೊನೆಯ ಪುಟ ಬಂದಾಗ ಅವಳು ಅದರ ಮೇಲೆ ಅಂಗೈ ಊರಿದಳು. ಅಂಗೈಯ ಕೆಳಗೆ ಕಾಗದ ಒಮ್ಮೆ ಉಬ್ಬಿತು, ಹಿಡಿದ ಹಕ್ಕಿ ಎದೆಯುಬ್ಬಿಸುವ ಹಾಗೆ. ಒತ್ತಾಯ ಮಾಡಲಿಲ್ಲ. ಸುಮ್ಮನಾಯಿತು.

ನಿಸ್ತಾರಿಣಿ ಕೈ ತೆಗೆದಳು. ಓದಿದಳು. ತಡವರಿಸದೆ ಓದಿದ್ದು ಅದೊಂದೇ ಪುಟ.

ಹಾಳೆ ಮಗುಚಿತು. ಮಡಿಚಿದ್ದ ಮೂಲೆ ತಾನಾಗಿ ನೆಟ್ಟಗಾಯಿತು. ಅವಳ ಎಡ ತೋಳಿಗೆ ಚೈತ್ರದ ಬಿಸಿಲು ಸುಡತೊಡಗಿತು.

“ಅಲ್ಲಾ,” ಎಂದಳು ಅವಳು ಆ ಕಡೆ ತಿರುಗಿ. ನಲವತ್ತು ವರ್ಷದಲ್ಲಿ ಗಂಡನನ್ನು ಪುಸ್ತಕದೊಳಗಿನ ಕಥೆಯ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. “ಭಾವಮೈದುನನೇ ವಿಷ ಹಾಕಿದ್ದು ಅಂದ್ರೆ, ಹಾಲಿನ ಲೋಟ ತೊಳೆದಿಟ್ಟಿದ್ದು ಯಾರು ಮತ್ತೆ?”

ಬೆಂಚು ಖಾಲಿಯಿತ್ತು.