ಕೊಟ್ಟಿಗೆ ಗೋಡೆಯ ಮೂರನೆಯ ಸಾಲು

ಕುಂಭಾರಿ, ೧೯೩೪

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ನೀಲಾಬಾಯಿ ಹಾಲಿನ ಗಡಿಗೆಯನ್ನು ಕಟ್ಟೆಯ ಮೇಲಿಟ್ಟು ಸುಮ್ಮನೆ ಕೂತಿದ್ದಾರೆ. ನೊರೆ ಇಳಿಯಬೇಕು. ಇಳಿದ ಮೇಲೆ, ಸಿಪ್ಪೆ ಸುಲಿದು ತೊಳೆದ ಜೋಳದ ದಂಟನ್ನು ತಳ ಮುಟ್ಟುವಂತೆ ಅದ್ದಿ ತೆಗೆದು, ಹಾಲು ತಾಗಿದ ಮಟ್ಟಕ್ಕೆ ಸರಿಯಾಗಿ ಕತ್ತರಿಸುತ್ತಾರೆ. ಆ ತುಂಡು ಹಸಿ ಸಗಣಿಯಲ್ಲಿ ಗೋಡೆಗೆ ನೆಟ್ಟಗೆ ಅಂಟಿಕೊಳ್ಳಬೇಕು.

ವಾರಕ್ಕೊಂದು ದಂಟು, ಸೂಲಿಗೊಂದು ಸಾಲು. ಕರು ಹಾಕಿದಂದಿನಿಂದ ಹಾಲು ಬತ್ತುವವರೆಗೆ ಈ ಕೆಲಸ ತಪ್ಪಿಲ್ಲ. ದಂಟಿನ ತುದಿಗಳ ಮೇಲೆ ಕಣ್ಣು ಹಾಯಿಸಿದರೆ ಹಾಲು ಸರಸರನೆ ಏರಿ, ಆಮೇಲೆ ಮೆಲ್ಲಗೆ ಇಳಿದದ್ದು ಕಾಣುತ್ತದೆ. ಮೊದಲ ಸೂಲಿನ ಸಾಲು ಗಿಡ್ಡ, ಇಳಿಜಾರು ನಿಧಾನ. ಎರಡನೆಯದು ಎತ್ತರ, ಆದರೆ ಇಳಿಯುವುದಕ್ಕೂ ಅವಸರ.

"ಮದಲ್ನೇ ಸೂಲಿನಾಗ ಆಕಳಾ ತಾನೂ ಬೆಳೀತಿರ್ತದರಿ. ತಿಂದದ್ದೆಲ್ಲಾ ಹಾಲಿಗೇ ಹೆಂಗ ಕೊಟ್ಟೀತು?" ಎನ್ನುತ್ತಾರೆ ನೀಲಾಬಾಯಿ.

ಆಕಳ ಹೆಸರು ಮುತ್ತಿ. ಕುರನೂರಿನ ತವರಿನವರು ಕೊಟ್ಟದ್ದು. ಗಂಡ ತೀರಿಕೊಂಡ ಮೇಲೆ ನೀಲಾಬಾಯಿ ತನ್ನದೆನ್ನಲು ಮನೆಯಲ್ಲಿ ಉಳಿದಿರುವುದು ಇದೊಂದೇ. ಮೇವು ಮಾತ್ರ ಭಾವ ಶಾಂತಲಿಂಗಪ್ಪನವರ ಹೊಲದ್ದು. ಹೋದ ಸೂಲಿನಲ್ಲಿ ಹಾಲು ಬೇಗ ಇಳಿದದ್ದೇ ತಡ, ಅವರಿಗೆ ಸೊಲ್ಲಾಪುರದ ದನದ ಬಾಜಾರ ನೆನಪಾಯಿತು. ನೀಲಾಬಾಯಿ ತಲೆಯ ಸೆರಗು ಜಾರಗೊಡಲಿಲ್ಲ, ಹಟವನ್ನೂ ಬಿಡಲಿಲ್ಲ. ಮೂರನೆಯ ಸೂಲು ಇನ್ನೂ ಎತ್ತರ ಏರುತ್ತದೆ, ನೋಡಿ ಮಾರಿರಿ ಎಂದರು.

"ಪಂಚಮಿಯೊಳಗ ಹ್ವಾದ ಸೂಲಿನ ಉದ್ದನ್ನ ದಂಟ ದಾಟಬೇಕ ನೋಡವ್ವಾ. ಇಲ್ಲಂದ್ರ ಹೊಡಕೊಂಡ ಹೋಗಾಂವನ" ಎಂದ ಭಾವ ಹೊಸ ಹಗ್ಗವನ್ನೂ ತಂದಿಟ್ಟರು.

ಆಷಾಢದಲ್ಲಿಯೇ ದಂಟು ದಾಟಿತು. ಭಾವ ಮೀಸೆಯಲ್ಲೇ ನಕ್ಕು ಸೋಲೊಪ್ಪಿದರು. ನೀಲಾಬಾಯಿಗೆ ಮಾತ್ರ ಅಂದು ಊಟ ಸೇರಲಿಲ್ಲ. ಹಳೆಯ ಗಡಿಗೆ ಒಡೆದು ಈ ಸೂಲಿಗೆ ಹೊಸದು ಬಂದಿತ್ತು. ಅದರ ಹೊಟ್ಟೆ ಸಣ್ಣದು; ಅಷ್ಟೇ ಹಾಲು ಅದರಲ್ಲಿ ಎತ್ತರಕ್ಕೆ ನಿಲ್ಲುತ್ತದೆ. ಹಳೆಯದರ ಜೋಡಿ ಗಡಿಗೆ ನೆರೆಮನೆಯ ಸೋಮವ್ವನ ಹತ್ತಿರ ಇತ್ತು. ಅದನ್ನು ತಂದು, ಹೊಸದರಲ್ಲಿ ದಂಟಿನ ಮಟ್ಟಕ್ಕೆ ತುಂಬಿದ ನೀರನ್ನು ಅದಕ್ಕೆ ಹೊಯ್ದು ನೋಡಿದರು. ಎರಡು ಬೆರಳು ಕಡಿಮೆ! ಗೆದ್ದ ಸಾಲನ್ನೆಲ್ಲ ಕೈಯಾರೆ ಕಿತ್ತು, ಕತ್ತರಿಸಿ, ಮತ್ತೆ ಅಂಟಿಸಿದರು.

"ಹುಚ್ಚಿ ಏನ ನೀ? ಯಾರ ಕೇಳಿದ್ರ ನಿನ್ನ?" ಎಂದು ಭಾವ ಬೈದರು.

"ಗ್ವಾಡೀನ ಸುಳ್ಳ ಹೇಳಿದ್ರ ನಾ ಮತ್ಯಾರನ್ನ ಕೇಳ್ಲಿರಿ, ಭಾವಾರ? ಇನ್ನ ಏರೂದೈತಿ. ತಡೀರಿ."

ನಾಳೆ ಪಂಚಮಿ. ಇವತ್ತಿನ ಹಾಲು ಸೋಮವ್ವನ ಗಡಿಗೆಯಲ್ಲಿದೆ. ಶಾಂತಲಿಂಗಪ್ಪ ಹಗ್ಗ ಹಿಡಿದೇ ಬಂದಿದ್ದಾರೆ. ನೀಲಾಬಾಯಿ ದಂಟನ್ನು ಅದ್ದಿ, ಕತ್ತರಿಸಿ, ನೆಟ್ಟಗೆ ಅಂಟಿಸುತ್ತಾರೆ. ಭಾವ ಹೋದ ಸೂಲಿನ ಉದ್ದ ದಂಟನ್ನು ಕಿತ್ತು ಪಕ್ಕಕ್ಕೆ ಹಿಡಿಯುತ್ತಾರೆ. ಹೊಸದು ಒಂದು ಬೆರಳು ಮೇಲಿದೆ. ಅವರು ಹಗ್ಗವನ್ನು ಗೂಟಕ್ಕೆ ಸಿಕ್ಕಿಸುತ್ತಾರೆ. ನೀಲಾಬಾಯಿ ಮುತ್ತಿಯ ಕೊರಳಿಗೆ ಮುಖವಿಟ್ಟು ಅಳುತ್ತಾರೆ.

"ಮುಂದಿನ ವಾರ ಇನ್ನಷ್ಟ ಏರ್ತೈತೇನವ್ವಾ?" ಈಗ ಭಾವನಿಗೂ ಆಸೆ.

ನೀಲಾಬಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಜಂತಿಯ ಸಂದಿಯಿಂದ ದಂಟಿನ ಕಟ್ಟೊಂದನ್ನು ಇಳಿಸುತ್ತಾರೆ. ಒಂದಕ್ಕಿಂತ ಒಂದು ಗಿಡ್ಡ.

"ಇಲ್ರಿ, ಇನ್ನ ಇಳೀತದ. ಇಳೀಲಿ ಬಿಡ್ರಿ. ಮುಂದ ಯಾವ ವಾರ ಎಷ್ಟ ಇಳೀತದಂತ ಹಿಂದಿನ ಸಾಲ ನೋಡಿ ಕಡದ ಇಟ್ಟೀನಿ."