ಖಾಲಿ ಸೈಟಿನಲ್ಲಿ ಚರಗ

ಅವ್ವನ ಕಣ್ಣಿನ ಪೊರೆ ತೆಗೆದ ಡಾಕ್ಟರು, "ಇನ್ಮೇಲೆ ಎಲ್ಲಾ ಚೆನ್ನಾಗಿ ಕಾಣುತ್ತೆ ಬಿಡಿ" ಎಂದು ಹೇಳಿ ಕಳಿಸಿದರು. ಆ ಮಾತಿನಿಂದ ಏನಾಗುತ್ತದೆ ಎಂದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಅವ್ವನಿಗೆ ಬೆಂಗಳೂರಿನ ಮೆಟ್ರೋ ಕಾಣಲಿಲ್ಲ, ನೂರಡಿ ರಸ್ತೆಯ ಗಾಜಿನ ಅಂಗಡಿಗಳೂ ಕಾಣಲಿಲ್ಲ. ಕಂಡದ್ದು ಸೊಪ್ಪು. ಫುಟ್‌ಪಾತಿನ ಕಲ್ಲುಗಳ ಸಂದಿಯಲ್ಲಿ ಗೋಳಿ ಪಲ್ಲೆ, ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ಕಿರಕಸಾಲಿ. ಜೋಗುಪಾಳ್ಯದ ನನ್ನ ಬಾಡಿಗೆ ಮನೆಯಿಂದ ಇಂದಿರಾನಗರದ ಔಷಧಿ ಅಂಗಡಿಗೆ ಹೋಗಿಬರುವಷ್ಟರಲ್ಲಿ ಅವಳ ಸೆರಗಿನಲ್ಲಿ ಒಂದು ಹೊತ್ತಿನ ಪಲ್ಯ ಕೂತಿರುತ್ತಿತ್ತು. ಟ್ರಾನ್ಸ್‌ಫಾರ್ಮರ್ ಬುಡಕ್ಕೆ ಬೀದಿಯ ನಾಯಿಗಳು ದಿನವೂ ಏನು ಸಲ್ಲಿಸುತ್ತವೆ ಎಂಬುದನ್ನು ನಾನು ಬಿಡಿಸಿ ಹೇಳಿದೆ. "ನಮ್ಮ ಹೊಲದಾಗ ನಾಯಿ ಇಲ್ಲೇನು?" ಎಂದಳು.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ನಮ್ಮ ಕಲಬುರಗಿ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಕೈಗೆ ಸಿಕ್ಕ ಸೊಪ್ಪು, ಕಾಳುಗಳನ್ನೆಲ್ಲ ಹಾಕಿ ಭಜ್ಜಿ ಕುದಿಸಿ, ಸಜ್ಜೆ ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಬೇಕು. ಆಮೇಲೆ ಹೊಲದ ಸುತ್ತ ಕೂಗು ಹಾಕಿ ಜೀವಗಳನ್ನು ಕರೆಯುತ್ತ ಅಡುಗೆಯನ್ನು ಭೂಮಿಗೆ ಚೆಲ್ಲಬೇಕು. ಅದಕ್ಕೆ ಚರಗ ಎನ್ನುತ್ತಾರೆ. ನಮ್ಮ ಮನೆಯ ರೂಢಿಯಲ್ಲಿ ಇನ್ನೊಂದು ಕಟ್ಟಳೆ ಇತ್ತು: ಚೆಲ್ಲಿದ್ದಕ್ಕೆ ಯಾವುದಾದರೂ ಜೀವ ಬಂದು ಬಾಯಿ ಹಾಕುವ ತನಕ ಮನೆಯವರು ಉಣ್ಣುವ ಹಾಗಿಲ್ಲ. ಊರಿನಲ್ಲಿ ಇದೊಂದು ಕಷ್ಟವೇ ಆಗಿರಲಿಲ್ಲ. ಬುತ್ತಿಯ ಗಂಟು ಬಿಚ್ಚುವ ಮೊದಲೇ ಹಕ್ಕಿಗಳು ಬಂದು ಕೂತಿರುತ್ತಿದ್ದವು.

ಈ ವರ್ಷ ದೂರದ ಪ್ರಯಾಣ, ಹೊಲದ ಧೂಳು ಎರಡೂ ಬೇಡ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಮದುವೆಯಾಗಿ ಬಂದಾಗಿನಿಂದ ಅವ್ವ ಒಂದು ವರ್ಷವೂ ಚರಗ ತಪ್ಪಿಸಿದವಳಲ್ಲ. ಅಪ್ಪ ತೀರಿಕೊಂಡ ವರ್ಷವೂ ಹೋಗಿದ್ದಳು. "ನನ್ನ ಕೈಲೆ ತಪ್ಪಿತು ಅಂತ ಆಗಬಾರದು" ಎಂದು ಒಂದೇ ಒಂದು ಸಲ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳು ಜಗಳಕ್ಕೆ ಬಂದಿದ್ದರೆ ನಾನು ಬಗ್ಗುತ್ತಿರಲಿಲ್ಲ. ಆ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹೊಲ ನಾನು ಹುಡುಕಿಕೊಡುತ್ತೇನೆ ಎಂದುಬಿಟ್ಟೆ.

ಸಿಕ್ಕಿದ್ದು ನೂರಡಿ ರಸ್ತೆಯ ಹಿಂದಿನ ಒಂದು ಸೈಟು. ಹಳೆಯ ಬಂಗಲೆ ಒಡೆದು ಬಹಳ ದಿನವಾಗಿತ್ತು. ಒಂದು ಕಡೆ ಪಬ್ಬು, ಇನ್ನೊಂದು ಕಡೆ ಬಿರಿಯಾನಿ ಹೋಟೆಲು, ನಡುವೆ ಮುರಿದ ಕಾಂಪೌಂಡಿನೊಳಗೆ ಮೊಣಕಾಲುದ್ದ ಕಳೆ. ನನ್ನ ಕಣ್ಣಿಗೆ ಕಳೆ, ಅವ್ವನ ಕಣ್ಣಿಗೆ ತವರು. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ ಕೂಡ ಅಲ್ಲಿ ಸಿಕ್ಕಿಬಿಟ್ಟಿತು. ಹಬ್ಬದ ಹಿಂದಿನ ದಿನ ಅವ್ವ ಒಂದು ತುದಿಯಿಂದ ಕೀಳುತ್ತ ಬಂದಳು, ಯಾರದೋ ಹಸು ಇನ್ನೊಂದು ತುದಿಯಿಂದ ಮೇಯುತ್ತ ಬಂತು. ನಡುವೆ ಎದುರಾದಾಗ ಇಬ್ಬರೂ ಒಬ್ಬರ ಸಾಲನ್ನು ಇನ್ನೊಬ್ಬರು ಮುಟ್ಟದೆ ಮರ್ಯಾದೆಯಿಂದ ಪಕ್ಕಕ್ಕೆ ಸರಿದರು. ನಾನು ಕವರು ಹಿಡಿದು, ಆಫೀಸಿನವರು ಯಾರಾದರೂ ನೋಡಿಯಾರು ಎಂದು ಕಿವಿಗೆ ಫೋನು ಒತ್ತಿಕೊಂಡು, ಯಾರ ಜೊತೆಗೂ ಅಲ್ಲದ ಮೀಟಿಂಗ್ ಒಂದನ್ನು ನಡೆಸುತ್ತಿದ್ದೆ.

ಅಮಾವಾಸ್ಯೆಯ ಮಧ್ಯಾಹ್ನ ಪೂಜೆ ಮುಗಿಯಿತು. ಅವ್ವ ಎಲ್ಲರಿಗೂ ಕೇಳುವ ಹಾಗೆ "ಹುಲಿಗ್ಯೋ" ಎಂದು ಕೂಗು ಹಾಕುತ್ತ ಸೈಟಿನ ನಾಲ್ಕೂ ಮೂಲೆಗೆ ಭಜ್ಜಿ, ರೊಟ್ಟಿಯ ಚೂರು, ಕಡುಬು ಚೆಲ್ಲಿದಳು. ಪಬ್ಬಿನ ಬಾಲ್ಕನಿಯಲ್ಲಿ ಕೂತಿದ್ದ ಇಬ್ಬರು ತಮ್ಮ ಗ್ಲಾಸುಗಳನ್ನು ಅನುಮಾನದಿಂದ ನೋಡಿಕೊಂಡರು. ನಾವು ಒಡೆದ ಬಂಗಲೆಯ ಮೆಟ್ಟಿಲಿನ ಮೇಲೆ ಕೂತು ಕಾದೆವು.

ಯಾವ ಜೀವವೂ ಬರಲಿಲ್ಲ. ಕಾಗೆಗಳು ಇದ್ದವು, ಆದರೆ ಹೋಟೆಲಿನ ಹಿಂಬಾಗಿಲ ಮೇಲೆ ಸಾಲಾಗಿ ಕೂತು ಕೋಳಿಯ ಮೂಳೆ ಬರುವುದನ್ನೇ ಕಾಯುತ್ತಿದ್ದವು. ಒಂದು ನಾಯಿ ಬಂದು ಭಜ್ಜಿಯನ್ನು ಮೂಸಿ, ಮುಖ ಎತ್ತಿ ನಮ್ಮಿಬ್ಬರನ್ನೂ ನೋಡಿ, ಬಂದ ದಾರಿಯಲ್ಲೇ ಹೋಯಿತು. ಬಿರಿಯಾನಿ ತಿಂದು ಬೆಳೆದ ಮೈ ಅದು. ಹಸು ಆ ದಿನವೇ ರಜೆ ಹಾಕಿತ್ತು. ನನ್ನ ಹೊಟ್ಟೆಯಲ್ಲಿ ಇಲಿ ಓಡಾಡುತ್ತಿದ್ದವು.

"ಇರುವೆ ಬಂದಿದೆ ನೋಡವ್ವ" ಎಂದೆ.

"ಇರುವಿ ಕರದರೂ ಬರ್ತಾವ, ಕರೀದಿದ್ರೂ ಬರ್ತಾವ. ಅವು ಲೆಕ್ಕಕ್ಕಿಲ್ಲ."

ಆಗ ಗೇಟಿನ ಮುಂದೆ ದೊಡ್ಡ ಕಾರೊಂದು ನಿಂತಿತು. ಬಿಳಿ ಪ್ಯಾಂಟಿನ ದಪ್ಪನೆಯ ಮನುಷ್ಯರೊಬ್ಬರು ಇಳಿದು ಒಳಗೆ ಒಂದು ಕಾಲಿಟ್ಟರು. ಅವರು ಸೈಟಿನ ಮಾಲೀಕರು. ಅಮಾವಾಸ್ಯೆ, ಸುಣ್ಣ ಬಳಿದ ಐದು ಕಲ್ಲು, ಕುಂಕುಮ, ಮೂಲೆಮೂಲೆಗೆ ಚೆಲ್ಲಿದ ಕಪ್ಪು ಹಸಿರಿನ ಅಡುಗೆ. ಎಲ್ಲವನ್ನೂ ನೋಡಿ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

"ಯಾರ್ರೀ ನಿಮ್ಮನ್ನ ಕಳ್ಸಿದ್ದು? ನಮ್ಮಣ್ಣನಾ? ಕೋರ್ಟಲ್ಲಿ ಸೋತ ಅಂತ ಮಾಟ ಮಾಡಿಸ್ತಿದ್ದಾನಾ?"

ನಾನು ಹಬ್ಬದ ಪುರಾಣವನ್ನೆಲ್ಲ ಒದರಿದೆ. ಭೂಮಿತಾಯಿಗೆ ಬಯಕೆಯೂಟ, ಬೆಳೆ ಚೆನ್ನಾಗಿ ಬರಲಿ ಎಂದು ಮಾಡುವುದು ಎಂದೆ. "ಬೆಳೆ ಏನ್ರೀ ಬರುತ್ತೆ ಇಲ್ಲಿ? ನಾಲ್ಕು ಫ್ಲೋರ್ ಬಿಲ್ಡಿಂಗ್ ಬರ್ಬೇಕು" ಎಂದರು.

"ಬರಲಿ ಬಿಡ್ರೀ, ಬ್ಯಾಡ ಅಂದೋರ್ಯಾರು" ಎಂದಳು ಅವ್ವ.

ಅವರಿಗೆ ಸಮಾಧಾನವಾಗಲಿಲ್ಲ. "ಮಾಟ ಅಲ್ಲ ಅನ್ನೋದಾದ್ರೆ ನೀವೇ ಒಂದು ತುತ್ತು ತಿಂದು ತೋರಿಸಿ" ಎಂದರು. ಅದು ನ್ಯಾಯವಾದ ಮಾತೇ ಆಗಿತ್ತು. ಆದರೆ ಜೀವ ಬಂದು ತಿನ್ನದೆ ಅವ್ವ ತಿನ್ನುವ ಹಾಗಿಲ್ಲ. ತಲೆ ಅಡ್ಡ ಆಡಿಸಿದಳು.

"ನೋಡಿದ್ರಾ?" ಎಂದರು ಮಾಲೀಕರು. ಬಾಲ್ಕನಿಯವರೂ ಈಗ ಬಗ್ಗಿ ನೋಡುತ್ತಿದ್ದರು.

ನಾನು ಒಂದು ಚೂರು ಬಾಯಿಗೆ ಹಾಕಿಕೊಂಡರೆ ಮುಗಿಯಿತು ಎಂದು ಬುತ್ತಿಗೆ ಕೈ ಹಾಕಿದೆ. ಅವ್ವ ಬೈಯಲಿಲ್ಲ. ಹೊಸ ಕಣ್ಣಿನಿಂದ ನನ್ನನ್ನೇ ನೋಡಿದಳು, ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಕೈ ಅಲ್ಲೇ ನಿಂತಿತು. ಅವಳ ಚರಗ ಕೊನೆಗೂ ತಪ್ಪಿಯೇ ಹೋಯಿತು ಎಂದು ನನಗೆ ಬಹಳ ಸಂಕಟವಾಯಿತು. ಈ ಊರಿನ ಕಾಗೆಗಳ ಮೇಲೆ, ನಾಯಿಯ ಮೇಲೆ, ಆ ಬಿಳಿ ಪ್ಯಾಂಟಿನ ಮೇಲೆ ಕೆಟ್ಟ ಕೋಪ ಬಂತು.

ಅಷ್ಟರಲ್ಲಿ ಕಾರಿನ ಡ್ರೈವರು ಇಳಿದು ಬಂದ. ಅವನು ಗಾಜು ಇಳಿಸಿಕೊಂಡು ಎಲ್ಲ ಕೇಳುತ್ತಿದ್ದನೆಂದು ಕಾಣುತ್ತದೆ. ಮೀಸೆ ಆಗಲೇ ಬೆಳ್ಳಗಾದ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಮಾಲೀಕರನ್ನು ದಾಟಿ ಒಳಗೆ ಬಂದು, ಚಪ್ಪಲಿ ಬಿಟ್ಟು, ಅವ್ವನ ಮುಂದೆ ನಿಂತ.

"ಭಜ್ಜಿ ಏನ್ರೀ ಅವ್ವ?"

ಅವನ ಮಾತು ನಮ್ಮ ಸೀಮೆಯದು. ಅವ್ವ ಬಾಯಿ ತೆರೆಯುವ ಮೊದಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಲ್ಲಿನ ಪಕ್ಕ ಚೆಲ್ಲಿದ್ದ ರೊಟ್ಟಿಯ ಚೂರನ್ನು ಎತ್ತಿ, ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡ. "ಏಯ್, ಮುಟ್ಬೇಡ" ಎಂದು ಮಾಲೀಕರು ಅಂದದ್ದು ರೊಟ್ಟಿ ಬಾಯಿ ಸೇರಿದ ಮೇಲೆ. ಅವನು ಬೀಳುತ್ತಾನೇನೋ ಎಂದು ಅವರು ಕಾದು ನಿಂತರು. ಅವನು ಅಗಿಯುತ್ತಲೇ ಇದ್ದ, ಕಣ್ಣು ಮಾತ್ರ ಒರೆಸಿಕೊಂಡ.

"ಇದು ಸಾಲ್ತದೇನವ್ವ?" ಎಂದು ನಾನು ಮೆಲ್ಲಗೆ ಕೇಳಿದೆ.

"ಕರದದ್ದಕ್ಕ ಬಂದಾನ, ಇನ್ನೇನು ಬೇಕು" ಎಂದಳು ಅವ್ವ. ಅವಳ ಕೈ ಬುತ್ತಿಯ ಗಂಟು ಬಿಚ್ಚಲು ಅವಸರಪಡುತ್ತಿತ್ತು. ಅವನಿಗೆ ರೊಟ್ಟಿಯ ಮೇಲೆ ಭಜ್ಜಿ, ಭಜ್ಜಿಯ ಮೇಲೆ ಬೆಣ್ಣೆ ಹಾಕಿದಳು. ನನಗೆ ಕೊಟ್ಟು, ಕೊನೆಗೆ ತಾನೂ ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡು, ಬಹಳ ಹೊತ್ತು ಅಗಿದಳು. ಅವಳು ಅಷ್ಟು ಸಂತೋಷವಾಗಿ ಉಂಡದ್ದನ್ನು ನಾನು ಬೆಂಗಳೂರಿನಲ್ಲಿ ಮೊದಲ ಸಲ ನೋಡಿದೆ.

ಗೇಟಿನ ಬಳಿ ನಿಂತೇ ಇದ್ದ ಮಾಲೀಕರು ಗಡಿಯಾರ ನೋಡಿಕೊಂಡು, "ಇನ್ನೂ ಎಷ್ಟ್ ಹೊತ್ತಪ್ಪಾ?" ಎಂದು ಕೇಳಿದರು.

"ಇವತ್ತು ನಮ್ಮ ಹಬ್ಬ ಸರ್" ಎಂದ ಡ್ರೈವರು, ತಲೆ ಎತ್ತದೆ. "ಇನ್ನೊಂದು ರೊಟ್ಟಿ ತಿಂದು ಬರ್ತೀನಿ."

ತಮ್ಮ ಕಾರು ಓಡಿಸುವವನಿಗೂ ಒಂದು ಹಬ್ಬ ಇದೆ ಎಂಬುದು ಅವರಿಗೆ ಆಗಲೇ ಗೊತ್ತಾಯಿತೆಂದು ಕಾಣುತ್ತದೆ. ಆಮೇಲೆ ಕಾರಿನ ಬಾಗಿಲನ್ನು ತಾವೇ ತೆಗೆದು, ಹಿಂದಿನ ಸೀಟಿನಲ್ಲಿ ಕೂತು ಕಾದರು.