ತವರಿನ ರಕ್ತ

ಕಬ್ಬಿನ ಹಂಗಾಮು ಬಂತೆಂದರೆ ಶಿರಗುಪ್ಪಿಯ ರಾಜಮತಿಗೆ ಜೀವ ಹೋಗಿ ಬಂದಂತಾಗುತ್ತದೆ. ಗಾಣದಲ್ಲಿ ಬೆಲ್ಲ ಕುದಿಯುವ ವಾಸನೆ ಓಣಿಗೆ ಇಳಿದ ಕೂಡಲೇ ಆಕೆ ಕಿಟಕಿ ಮುಚ್ಚುತ್ತಾಳೆ. ಮುಚ್ಚಿದರೇನು, ದನಿ ಮನೆಯೊಳಗೇ ಕೇಳುತ್ತದೆ: "ಆಯಿ, ಸಾಕ." ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಮೊಮ್ಮಗ ಪಾರ್ಶ್ವನ ದನಿ ಅದು.

ಕೂಸು ಬಿಳಿಚಿಕೊಂಡಿತ್ತು. ರಕ್ತ ಕಡಿಮೆ ಅಂದರು. ಬೆಲ್ಲದ ಊರಿನಲ್ಲಿ ರಕ್ತಕ್ಕೇನು ಬರ ಎಂದು ರಾಜಮತಿ ಬಿಸಿ ಬೆಲ್ಲಕ್ಕೆ ಶೇಂಗಾ ಕಲಸಿ, ಒಲ್ಲೆ ಒಲ್ಲೆ ಎಂದರೂ ಬಾಯಿಗೆ ತುರುಕಿದಳು. ಓಣಿಯ ಹೆಂಗಸರು ಭೇಷ್ ಅಂದರು, ಅನ್ನುವವರಿಗೇನು ಕಷ್ಟ? ಹೊಟ್ಟೆ ಉಬ್ಬಿತು, ಜ್ವರ ಬಂತು, ಹುಡುಗ ಹೋದ. ರೋಗದ ಹೆಸರು ತಿಳಿದದ್ದು ಆಮೇಲೆ, ಮೊಮ್ಮಗಳು ಬ್ರಾಹ್ಮಿಯೂ ಹಾಗೆಯೇ ಬಿಳಿಚಿಕೊಂಡಾಗ. ಮಿರಜದಲ್ಲಿ ತಪಾಸಣೆ ಮಾಡಿದ ಡಾಕ್ಟರಬಾಯಿ ಥಲಸ್ಸೆಮಿಯಾ ಎಂದಳು.

"ಇದು ಬೆಲ್ಲಾ ತಿಂದು ಬಂದದ್ದಲ್ರಿ, ತಿಂದ್ರ ಹೋಗೂದೂ ಅಲ್ಲ. ತಾಯಿ ಕಡಿಂದ ಒಂದ ಪಾಲು, ತಂದಿ ಕಡಿಂದ ಒಂದ ಪಾಲು ಕೂಡಿದ್ರ ಕೂಸಿಗೆ ಬರತೈತಿ. ಒಂದ ಪಾಲು ಇದ್ದವ್ರು ಗಟ್ಟಿಮುಟ್ಟ ಇರತಾರ, ಗೊತ್ತಽ ಆಗೂದಿಲ್ಲ. ಗಂಡ ಹೆಂಡ್ತಿ ಸಂಬಂಧಿಕರೇನ್ರಿ?"

ಸೊಸೆ ತ್ರಿಶಲಾ ರಾಜಮತಿಯ ಒಡಹುಟ್ಟಿದ ತಮ್ಮ ಉತ್ತಮನ ಮಗಳು. ತವರಿನ ನಂಟು ಕಡಿಯಬಾರದೆಂದು ಹಟ ಹಿಡಿದು ಮಗನಿಗೆ ತಂದುಕೊಂಡವಳು ತಾನೇ.

ಅಂದಿನಿಂದ ತಿಂಗಳು ತುಂಬುವ ಮೊದಲೇ ಬ್ರಾಹ್ಮಿಗೆ ರಕ್ತ ಏರಿಸಬೇಕು. ಆ ರಕ್ತದಿಂದ ಮೈಯಲ್ಲಿ ಸೇರುವ ಕಬ್ಬಿಣ ಕಳೆಯಲು ದಿನಾ ಗುಳಿಗೆ. ಜನಕ್ಕೆ ಗೊತ್ತಾದರೆ ತನ್ನ ಕಿರಿಮಗಳು ಚಂದನಾಳ ಮದುವೆಗೆ ಅಡ್ಡಿ ಬಂದೀತು ಎಂಬ ಭಯಕ್ಕೆ ರಾಜಮತಿ "ಕೂಸಿಗೆ ಅಶಕ್ತಿ" ಎಂಬ ಸುಳ್ಳು ಹೆಣೆದಳು. ತವರಲ್ಲೂ ಬಾಯಿ ಬಿಡಬಾರದೆಂದು ತ್ರಿಶಲಾಳಿಂದ ಆಣೆ ಮಾಡಿಸಿಕೊಂಡಳು.

ಹೋದ ಮಾಘದಲ್ಲಿ ಆ ಸುಳ್ಳು ತಿರುಗಿ ಇವಳ ಕುತ್ತಿಗೆಗೇ ಬಂತು. ಚಂದನಾ ಉತ್ತಮನ ಮಗ ನಿತಿನನಿಗೆ ಎಂದು ತೊಟ್ಟಿಲಲ್ಲೇ ಆಡಿಟ್ಟ ಮಾತಿತ್ತು. ನಿಶ್ಚಿತಾರ್ಥದ ಸಾಖರಪುಡಾಕ್ಕೆ ದಿನ ನಿಕ್ಕಿಯಾಯಿತು. ಗಂಡಿನವರು ತಂದ ಸಕ್ಕರೆ ಪೊಟ್ಟಣ ಹೆಣ್ಣಿನ ಉಡಿಗೆ ಬಿದ್ದರೆ ಮುಗಿಯಿತು, ಮಾತು ಮುರಿಯುವಂತಿಲ್ಲ. ರಾಜಮತಿಗೆ ಅನ್ನ ಸೇರದಾಯಿತು. ಹೇಳಿದರೆ ತವರು ಹೋಗುತ್ತದೆ, ಸುಮ್ಮನಿದ್ದರೆ ಇನ್ನೊಂದು ಕೂಸು. ಹುಟ್ಟದ ಆ ಕೂಸಿನ ಬಿಳಿಚಿದ ಮುಖ ಹಗಲಿನಲ್ಲೇ ಅಡುಗೆಮನೆಯ ಹೊಸ್ತಿಲಲ್ಲಿ ಕಂಡಂತಾಗಿ ಬೆಚ್ಚುತ್ತಿದ್ದಳು.

ಸಾಖರಪುಡಾದ ಬೆಳಿಗ್ಗೆ ಉತ್ತಮನ ಹೆಂಡತಿ ಪೊಟ್ಟಣ ಎತ್ತಿದಳು. ಚಂದನಾ ಸೆರಗು ಒಡ್ಡಿದಳು. ರಾಜಮತಿ ನಡುವೆ ಕೈ ಹಾಕಿ ಪೊಟ್ಟಣ ಹಿಡಿದುಬಿಟ್ಟಳು.

"ತಡೀರಿ. ಮದಲ ಇವರಿಬ್ಬರ ರಕ್ತಾ ತಪಾಸ ಆಗ್ಲಿ."

"ಅಕ್ಕಾ, ಹುಚ್ಚ ಹಿಡದೈತೇನು? ನಿಮ್ಮ ರಕ್ತಾ ನಮ್ಮ ರಕ್ತಾ ಬ್ಯಾರೆ ಐತೇನು?" ಉತ್ತಮ ಎದ್ದು ನಿಂತ.

"ಬ್ಯಾರೆ ಇಲ್ಲೋ ತಮ್ಮಾ, ಅದಕ್ಕಽ ಅಂಜಾಕತ್ತೀನಿ. ಪಾರ್ಶ್ವ ಹೋಗಿದ್ದು ಅದರಿಂದಽ. ಬ್ರಾಹ್ಮಿಗೂ ಅದಽ ಐತಿ."

ಉತ್ತಮ ಮಗಳ ಮುಖ ನೋಡಿದ. ತ್ರಿಶಲಾ ಹೌದೆಂದು ತಲೆಯಾಡಿಸಿದಳು. ಬಂದ ನೆಂಟರು ಚಹಾ ಅಲ್ಲಲ್ಲೇ ಬಿಟ್ಟು ಎದ್ದರು. ಸಂಜೆಯೊಳಗೆ ಸುದ್ದಿ ಸದಲಗಾ ಊರನ್ನೂ ದಾಟಿತ್ತು.

ನಿತಿನ ಒಳ್ಳೆಯ ಹುಡುಗ. ಅಪ್ಪನ ಬೈಗುಳ ಲೆಕ್ಕಿಸದೆ ರಕ್ತ ಕೊಟ್ಟು ಬಂದ, ಚಂದನಾಳೂ ಕೊಟ್ಟಳು. ಇಬ್ಬರಲ್ಲೂ ಆ ಒಂದು ಪಾಲು ಇತ್ತು. ಸಂಬಂಧ ಮುರಿಯಿತು. ಚಂದನಾ ಅತ್ತಳು, ಎದುರಾಡಲಿಲ್ಲ. ಉತ್ತಮ ಮಾತ್ರ ಅಕ್ಕನ ಮನೆ ಮೆಟ್ಟಿಲು ಹತ್ತುವುದನ್ನೇ ಬಿಟ್ಟ.

ಮುಂದಿನ ಸಲ ಬ್ರಾಹ್ಮಿಗೆ ರಕ್ತ ಏರಿಸುವಾಗ ಅತ್ತೆ ಸೊಸೆ ಮಂಚದ ಆಚೆ ಈಚೆ ಕೂತಿದ್ದರು. ಹುಡುಗಿ ಕಣ್ಣು ಮುಚ್ಚಿದ್ದಳು. ತ್ರಿಶಲಾ ಮೆಲ್ಲಗೆ ಅಂದಳು:

"ನನ್ನ ಸಾಖರಪುಡಾದಾಗನೂ ಯಾರರೇ ಹಿಂಗ ಅಡ್ಡ ನಿಂತು ಕೇಳಿದ್ರ ಎಷ್ಟ ಚಲೋ ಇತ್ತಲ್ರಿ ಅತ್ತಿ."

ಆಡಿದ ಮೇಲೆ ಅವಳ ಕಣ್ಣು ಮಗಳ ಮುಖಕ್ಕೆ ಬಿತ್ತು. ಆಗ ಯಾರಾದರೂ ಕೇಳಿದ್ದರೆ ಈ ಮುಖವೇ ಇರುತ್ತಿರಲಿಲ್ಲ. ತ್ರಿಶಲಾ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ರಾಜಮತಿಗೆ ಅವಳ ಹೆಗಲು ಮುಟ್ಟುವ ಧೈರ್ಯವೂ ಬರಲಿಲ್ಲ.

ಬ್ರಾಹ್ಮಿ ಕಣ್ಣು ತೆರೆದಳು. ಅವಳು ನಿದ್ದೆ ಮಾಡಿರಲಿಲ್ಲ.

"ಏನ ಕೇಳಬೇಕಾಗಿತ್ತವಾ?" ಎಂದಳು.